ನೆಟ್ಟಗಾದರೆ ನಿಲ್ಲುವ ಗಡಿಯಾರ

ಮಳಗಿ
೨೦ ಜೂನ್ ೧೯೩೮

ಚಿ. ವಜೀರನಿಗೆ ನಿನ್ನ ಅಕ್ಕ ಸಿರಾಜು ಆಪಾಳ ದುವಾ.

ನಾನು ಇಲ್ಲಿ ಕ್ಷೇಮ. ನೀನು ಅಲ್ಲಿ ಕ್ಷೇಮವಾಗಿರಲೇಬೇಕು, ಏಕೆಂದರೆ ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ.

ಈ ಪತ್ರದ ಬೆನ್ನಿಗೇ ಸರ್ವಿಸ್ ಮೋಟಾರಿನಲ್ಲಿ ದಾಂಡೇಲಿಗೆ ಒಂದು ಗಂಟು ಬರುತ್ತದೆ. ಕೌದಿ ಸುತ್ತಿ, ಹಗ್ಗ ಬಿಗಿದು, ಡ್ರೈವರನ ಕಿವಿ ತೂತು ಬೀಳುವಷ್ಟು ಹೇಳಿ ಕಳಿಸಿದ್ದೇನೆ. ಒಳಗಿರುವುದು ನಮ್ಮ ಶಾಲೆಯ ಲೋಲಕದ ಗಡಿಯಾರ. ಬೇಸಿಗೆ ಸೂಟಿಯಲ್ಲಿ ನಿಂತದ್ದು ಮತ್ತೆ ಬಾಯಿ ಬಿಟ್ಟಿಲ್ಲ.

ಗಡಿಯಾರ ನಿಂತರೆ ಏನು ಮುಳುಗಿತು ಎಂದು ನೀನು ಕೇಳುತ್ತೀ. ನನ್ನ ನೌಕರಿಯೇ ಮುಳುಗುತ್ತದೆ. ಹೋದ ವರ್ಷ ಇಲ್ಲಿ ಹುಡುಗಿಯರ ವರ್ಗ ತೆರೆದಾಗ ನಾನು ಮನೆಮನೆ ಅಲೆದದ್ದು ನಿನಗೆ ಗೊತ್ತಿದೆ. ಮೊದಲು ಒಪ್ಪಿದವಳು ಕಾಶೆವ್ವ. ಒಕ್ಕಲುತನದ ಮನೆಯವಳು, ಊರಿನ ಹೆಂಗಸರೆಲ್ಲ ಅವಳ ಬಾಯಿಗೆ ಅಂಜುತ್ತಾರೆ. ಅವಳು ಹೇಳಿದ್ದು ಇಷ್ಟು: "ಕಲಸ್ರಿ ಅಕ್ಕೋರ, ಬ್ಯಾಡ ಅನ್ನೂದಿಲ್ಲ. ಆದ್ರ ಹನ್ನೊಂದಕ್ಕ ನಮ್ಮ ಹುಡುಗಿ ಮನ್ಯಾಗಿರಬೇಕು. ಹೊಲಕ್ಕ ಬುತ್ತಿ ಒಯ್ಯಾವ್ರು ಯಾರು?" ಇಲ್ಲಿ ಗಂಡಸರಿಗೆ ಹೊಲಕ್ಕೆ ಬುತ್ತಿ ಮುಟ್ಟಿಸುವುದು ಹುಡುಗಿಯರ ಕೆಲಸ. ಉಳಿದ ತಾಯಂದಿರೂ ಅದೇ ಮಾತು ಹಿಡಿದರು. ನಾನು ಎಲ್ಲರಿಗೂ ಹನ್ನೊಂದರ ಮಾತು ಕೊಟ್ಟೆ.

ಈಗ ಮೋಡ. ಬಿಸಿಲಿಲ್ಲ, ನೆರಳಿಲ್ಲ. ಒಂದು ದಿನ ಬೇಗ ಬಿಟ್ಟೆ, ಮರುದಿನ ತಡವಾಗಿ ಬಿಟ್ಟೆ. ಕಾಶೆವ್ವ ಬಾಗಿಲಿಗೇ ಬಂದಳು. "ನಿನ್ನಿ ಬುತ್ತಿ ಮುಟ್ಟೂದ್ರಾಗ ಎತ್ತು ಬಿಟ್ಟಿದ್ರು. ಹಸದ ಗಂಡಸರ ಮಾರಿ ನೋಡೀರೇನು ನೀವು? ಇನ್ನೊಮ್ಮೆ ಹಿಂಗಾದ್ರ ನಮ್ಮ ಮುದಕವ್ವ ಸಾಲಿಗೆ ಬರೂದಿಲ್ಲ." ಮುದಕವ್ವ ಅವಳ ಮಗಳು. ಅಜ್ಜಿಯ ಹೆಸರು ಇಟ್ಟಿದ್ದಾರೆ, ವಯಸ್ಸು ಎಂಟು.

ಆಗಸ್ಟಿನಲ್ಲಿ ಶಾಲೆ ತಪಾಸಣೆಗೆ ದಿಪೋಟಿ ಸಾಹೇಬರು ಬರುತ್ತಾರೆ. ಹುಡುಗಿಯರ ವರ್ಗ ಇರಬೇಕೋ ಮುಚ್ಚಬೇಕೋ ಅವರೇ ತೀರ್ಮಾನಿಸುತ್ತಾರೆ. ಮುದಕವ್ವ ಬಿಟ್ಟರೆ ಉಳಿದವರೂ ಬಿಡುತ್ತಾರೆ. ವರ್ಗ ಮುಚ್ಚಿದರೆ ನಾನು ಹಳಿಯಾಳಕ್ಕೆ ವಾಪಸು, ಅಮ್ಮನ ಒಲೆಯ ಮುಂದೆ. ನನಗೆ ಅಮ್ಮನ ಮೇಲೆ ಪ್ರೀತಿಯಿದೆ, ಒಲೆಯ ಮೇಲಿಲ್ಲ.

ನಮ್ಮ ಹೆಡ್‌ಮಾಸ್ತರರು ಅಡಿವೆಯ್ಯನವರು ಹೊಸ ಗಡಿಯಾರಕ್ಕೆ ಬೋರ್ಡಿಗೆ ಬರೆದಿದ್ದಾರೆ. ಉತ್ತರ ಬರುವಷ್ಟರಲ್ಲಿ ಮುದಕವ್ವ ಹೆಸರಿಗೆ ತಕ್ಕ ವಯಸ್ಸಿಗೆ ಬಂದಿರುತ್ತಾಳೆ. ಆದ್ದರಿಂದ ನೀನೇ ಗತಿ.

ನಿನ್ನ
ಸಿರಾಜು ಆಪಾ


ದಾಂಡೇಲಿ
೨೯ ಜೂನ್ ೧೯೩೮

ಆಪಾ ಅವರಿಗೆ ವಜೀರನ ಸಲಾಂ.

ಗಂಟು ಮುಟ್ಟಿತು. ಬಿಚ್ಚಿ ನೋಡಿದರೆ ನಿಮ್ಮ ಮಳಗಿಯ ಕಣಜವೊಂದು ಗಡಿಯಾರದೊಳಗೆ ಮಣ್ಣಿನ ಮನೆ ಕಟ್ಟಿ ಸಂಸಾರ ಹೂಡಿತ್ತು. ಅದನ್ನು ಬಿಡಿಸಿ, ಗಾಲಿಗಳನ್ನೆಲ್ಲ ಚಿಮಣಿ ಎಣ್ಣೆಯಲ್ಲಿ ತೊಳೆದು, ಒರೆಸಿ, ಮತ್ತೆ ಕೂಡಿಸಿದೆ. ಮಿಲ್ಲಿನ ಶೆಡ್ಡಿನಲ್ಲಿ ನಾನು ಕೂರುವಲ್ಲಿರುವ ಕಂಬಕ್ಕೆ, ಕಂಬದ ಗೆರೆಗೆ ಸರಿಯಾಗಿ ಹಿಡಿದು, ತೂಗುಹಾಕಿದೆ. ಮೊದಲು ಕುಂಟಿತು. ಲೋಲಕವನ್ನು ತಳ್ಳುವ ಕಡ್ಡಿಯನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತ ಹೋದೆ. ಈಗ ಕೇಳಬೇಕು ನೀವು. ಟಿಕ್ ಎಷ್ಟು ಉದ್ದವೋ ಟಕ್ ಅಷ್ಟೇ ಉದ್ದ.

ನಿಮಗೆ ನಮ್ಮ ಶೆಡ್ಡು ಗೊತ್ತಿಲ್ಲ. ಹೊಳೆ ದಂಡೆಯ ತಗ್ಗಿನಲ್ಲಿ ಕಟ್ಟಿಗೆ ಕೊರೆದ ಹೊಟ್ಟು ತುಂಬಿ ಮಾಡಿದ ನೆಲ, ನಡೆದರೆ ಗಾದಿಯ ಮೇಲೆ ನಡೆದಂತೆ. ಮೇಲೆ ಗರಗಸದ ಸದ್ದು. ಅಂಥ ಗದ್ದಲದಲ್ಲೂ ಕಿವಿಗೊಟ್ಟು ಸರಿಮಾಡಿದ್ದೇನೆ. ಇಂಥ ಕೆಲಸ ಧಾರವಾಡದ ಗಡಿಯಾರದ ಅಂಗಡಿಯವರಿಗೂ ಆಗುವುದಿಲ್ಲ. ಹೊಗಳಿಕೊಳ್ಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ನಮ್ಮ ಮಿಸ್ತ್ರಿ ಹುಸೇನಸಾಬರು ಬಂದು ಕಿವಿಯಿಟ್ಟು ಕೇಳಿದರು. ನಾನು ನಾಲ್ಕು ವರ್ಷದಿಂದ ಯಂತ್ರಕ್ಕೆ ಎಣ್ಣೆ ಬಿಡುವವನು, ಅದರ ಮೇಲೆ ಏರಿಲ್ಲ. ಅವರು ಅಂದರು: "ಮಳಗ್ಯಾಗ ಇದು ನಿಲ್ಲದಂಗ ಓಡ್ತು ಅಂದ್ರ, ಎಣ್ಣಿ ಡಬ್ಬಿ ಬಿಡಿಸಿ ನಿನಗ ಸ್ವಂತ ಬೆಂಚ ಕೊಡತೇನಿ, ಫಿಟರ್ ಕೆಲಸದ್ದು." ಗಡಿಯಾರ ನಾಳಿನ ಮೋಟಾರಿಗೆ ಹೊರಡುತ್ತದೆ. ಹೇಗೆ ಓಡುತ್ತಿದೆ ಎಂದು ತಕ್ಷಣ ಬರೆಯಿರಿ. ಚೆನ್ನಾಗಿ ಓಡುತ್ತಿದೆ ಎಂದೇ ಬರೆಯುತ್ತೀರಿ, ಆದರೂ ಬರೆಯಿರಿ.

ನಿಮ್ಮ
ವಜೀರ


ಮಳಗಿ
೮ ಜುಲೈ ೧೯೩೮

ವಜೀರ,

ಈ ಪತ್ರವನ್ನು ಟಪಾಲಿಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ.

ನಿನ್ನ ಗಡಿಯಾರ ನೆಟ್ಟಗೆ ಹಾಕಿದರೆ ಓಡುವುದಿಲ್ಲ, ಪುಣ್ಯಾತ್ಮಾ. ಕುಂಟು ಕುದುರೆಯ ಹಾಗೆ ಸ್ವಲ್ಪ ದೂರ ಹೋಗಿ ಕೂತುಬಿಡುತ್ತದೆ. ಅಡಿವೆಯ್ಯ ಮಾಸ್ತರರು ಸ್ಟೂಲು ಹತ್ತಿ ಇಳಿದು ಸುಸ್ತಾದರು. ಕಡೆಗೆ ಧೂಳು ಹೊಡೆಯಲು ಹೋದ ಮುದಕವ್ವನ ಕಸಬರಿಗೆ ತಾಗಿ ಗಡಿಯಾರ ಬಲಕ್ಕೆ ವಾಲಿತು. ವಾಲಿದ್ದೇ ತಡ, ಟಿಕ್ ಟಕ್ ಎಂದು ಶುರುಮಾಡಿತು. ಮತ್ತೆ ನೆಟ್ಟಗೆ ಮಾಡಿದೆ, ನಿಂತಿತು. ವಾಲಿಸಿದೆ, ಓಡಿತು. ಮಾಸ್ತರರು ಕೆಳಗೆ ಇನ್ನೊಂದು ಮೊಳೆ ಹೊಡೆದು ಹಾಗೆಯೇ ನಿಲ್ಲಿಸಿದ್ದಾರೆ. ಮದುಮಗನ ಟೋಪಿಯ ಹಾಗೆ ಒಂದು ಕಡೆಗೆ ಇಳಿದು ಕೂತಿದೆ. ನೆತ್ತಿಯ ಮೇಲಿರಬೇಕಾದ ಹನ್ನೆರಡು ಬಲಕ್ಕೆ ಜಾರಿದೆ.

ಆದರೆ ಮುಂಡಗೋಡದಿಂದ ಬರುವ ಮೋಟಾರಿನ ಡ್ರೈವರನ ಕೈಗಡಿಯಾರದೊಂದಿಗೆ ಹೋಲಿಸಿದೆ. ಹೊತ್ತು ಮಾತ್ರ ಸರಿಯಾಗಿ ಹೇಳುತ್ತದೆ. ಅದು ವಾಲಿದೆ ಎಂದು ಹುಡುಗಿಯರು ತಾವೂ ಬಲಕ್ಕೆ ಕುತ್ತಿಗೆ ವಾಲಿಸಿ ನೋಡುತ್ತಾರೆ. ಗಡಿಯಾರ ಓದುವುದನ್ನು ನಾನು ಅವರಿಗೆ ಕಲಿಸಿದ್ದು ಈ ವಾರವೇ. ಹೊತ್ತು ನೋಡುವುದೆಂದರೆ ಹೀಗೆಯೇ ಎಂದು ಅವರು ತಿಳಿದಿದ್ದಾರೆ.

ಇದನ್ನು ಬರೆದರೆ ನಿನ್ನ ಬೆಂಚು ಹೋಗುತ್ತದೆ. ನಿನ್ನ ಭಾವ ತೀರಿಕೊಂಡ ವರ್ಷ, ನಾನು ಟ್ರೇನಿಂಗಿಗೆ ಹೋಗುತ್ತೇನೆ ಎಂದಾಗ ಮನೆಯಲ್ಲಿ ನನ್ನ ಪರವಾಗಿ ಮಾತಾಡಿದವನು ನೀನೊಬ್ಬನೇ. ಆಗ ನಿನಗೆ ಮೀಸೆಯೂ ಬಂದಿರಲಿಲ್ಲ. ನಿನ್ನ ಬೆಂಚಿಗೆ ನನ್ನ ಕೈ ಅಡ್ಡ ಬರುವುದಿಲ್ಲ.


ಮಳಗಿ
೮ ಜುಲೈ ೧೯೩೮

ಚಿ. ವಜೀರನಿಗೆ ದುವಾ.

ಗಡಿಯಾರ ಸುರಕ್ಷಿತವಾಗಿ ಮುಟ್ಟಿತು. ಬಹಳ ಚೆನ್ನಾಗಿ ಓಡುತ್ತಿದೆ. ನಮ್ಮ ಗೋಡೆಗೆ ಒಪ್ಪುವಂತೆ ಹಾಕಿದ್ದೇವೆ. ಹುಡುಗಿಯರು ಅದನ್ನು ಕುತ್ತಿಗೆ ಹೊರಳಿಸಿ ಹೊರಳಿಸಿ ನೋಡುತ್ತಾರೆ. ಹನ್ನೊಂದಕ್ಕೆ ಸರಿಯಾಗಿ ಬಿಡುತ್ತಿದ್ದೇನೆ, ಕಾಶೆವ್ವನ ಬಾಯಿ ಮುಚ್ಚಿದೆ. ಹುಸೇನಸಾಬರಿಗೆ ನನ್ನ ಸಲಾಂ ಹೇಳು. ಈ ಪತ್ರವನ್ನು ಅವರಿಗೆ ಓದಿ ತೋರಿಸಲು ಅಡ್ಡಿಯಿಲ್ಲ.

ಬೇರೆ ವಿಶೇಷವಿಲ್ಲ.

ನಿನ್ನ
ಸಿರಾಜು ಆಪಾ


ದಾಂಡೇಲಿ
೧೮ ಜುಲೈ ೧೯೩೮

ಆಪಾ ಅವರಿಗೆ ವಜೀರನ ಸಲಾಂ.

ನಿಮ್ಮ ಪತ್ರವನ್ನು ಹುಸೇನಸಾಬರಿಗೆ ಓದಿದೆ. ಇನ್ನೊಮ್ಮೆ ಓದು ಎಂದರು, ಓದಿದೆ. ಈ ತಿಂಗಳ ಕಡೆಗೆ ಬೆಂಚು ನನ್ನದು.

ಊರಲ್ಲಿ ಸುದ್ದಿ ಹರಡಿ ಜನ ಗಡಿಯಾರ ಹೊತ್ತು ತರುತ್ತಿದ್ದಾರೆ. ಕಟ್ಟಿಗೆ ಡಿಪೋದ ಬಾಬು ಒಂದು ತಂದರು, ದರ್ಜಿ ಹಾಶಿಮ ಒಂದು ತಂದ. ಎರಡೂ ನನ್ನ ಕಂಬದ ಮೇಲೆ ಬಂಗಾರದಂತೆ ಓಡಿದವು. ಅವರ ಮನೆಗೆ ಹೋದ ಮೇಲೆ ನಿಂತವು! ನಾನೇ ಹೋಗಿ ನೋಡಿ ಬಾಬುವಿಗೆ ಮೋರೆಯ ಮೇಲೇ ಹೇಳಿದೆ: "ಗಡಿಯಾರದಾಗ ಏನೂ ಇಲ್ರಿ ಸಾಹೇಬರ. ನಿಮ್ಮ ಗ್ವಾಡಿನಽ ಸೊಟ್ಟ ಐತಿ." ಬಾಬು ಗಾಬರಿಯಾಗಿ ಗವಂಡಿಯನ್ನು ಕರೆಸಿದ್ದಾರೆ.

ಇಡೀ ದಾಂಡೇಲಿಯಲ್ಲಿ ನೆಟ್ಟನೆಯ ಗೋಡೆ ಒಂದೂ ಇಲ್ಲ, ಆಪಾ. ಹೊಸ ಊರು, ಅವಸರದ ಕಟ್ಟೋಣ. ನಿಮ್ಮ ಮಳಗಿಯ ಗೋಡೆಯೊಂದೇ ಗೋಡೆ. ಅದನ್ನು ಕಟ್ಟಿದ ಗವಂಡಿ ಬದುಕಿದ್ದರೆ ನನ್ನ ಸಲಾಂ ಹೇಳಿ.

ನಿಮ್ಮ
ವಜೀರ


ದಾಂಡೇಲಿ
೪ ಆಗಸ್ಟ್ ೧೯೩೮

ಆಪಾ,

ಅವಸರದಲ್ಲಿ ಬರೆಯುತ್ತಿದ್ದೇನೆ.

ಬೆಂಚು ಸಿಕ್ಕಿತು. ಕಲ್ಲು ಹಾಸಿದ ಹೊಸ ಶೆಡ್ಡಿನಲ್ಲಿದೆ. ಮೊದಲ ದಿನವೇ ಬಾಬುರವರ ಗಡಿಯಾರ ತರಿಸಿ ಅಲ್ಲಿನ ಗೋಡೆಗೆ ಹಾಕಿದೆ. ಕುಂಟಿತು. ಹಾಶಿಮನದೂ ಕುಂಟಿತು. ಹಳೆಯ ಕಂಬಕ್ಕೆ ಒಯ್ದರೆ ಎರಡೂ ಓಡಿದವು. ಒಂದು ದಾರಕ್ಕೆ ನಟ್ಟು ಕಟ್ಟಿ ಕಂಬದ ತುದಿಯಿಂದ ಇಳಿಬಿಟ್ಟೆ. ನಟ್ಟು ಕಂಬದ ಬುಡದಿಂದ ಗೇಣು ದೂರ ನಿಂತಿತು. ಕಂಬವೇ ವಾಲಿದೆ, ಆಪಾ! ಹೊಟ್ಟಿನ ನೆಲ ಕುಸಿದು ಇಡೀ ಶೆಡ್ಡೇ ವಾಲಿದೆ. ನಾಲ್ಕು ವರ್ಷ ಆ ಕಂಬಕ್ಕೆ ಒರಗಿ ಚಹಾ ಕುಡಿದಿದ್ದೇನೆ, ಒಂದು ದಿನವೂ ಅನ್ನಿಸಲಿಲ್ಲ. ಅಲ್ಲಿ ನಾವೆಲ್ಲ ವಾಲಿಯೇ ನಿಲ್ಲುತ್ತೇವಲ್ಲ.

ಆ ಕಂಬದ ಮೇಲೆ ಸರಿಮಾಡಿದ ಗಡಿಯಾರ ಮಳಗಿಯಲ್ಲಿ ಚೆನ್ನಾಗಿ ಓಡುತ್ತಿದೆ ಎಂದು ನೀವು ಬರೆದಿದ್ದೀರಿ. ನೀವು ಬರೆದದ್ದು ಸುಳ್ಳಾಗುವುದಿಲ್ಲ. ಅಂದರೆ ನಿಮ್ಮ ಶಾಲೆಯ ಗೋಡೆಯೇ ವಾಲಿದೆ! ತಡಮಾಡದೆ ಅಡಿವೆಯ್ಯ ಮಾಸ್ತರರಿಗೆ ಹೇಳಿ. ಆ ಗೋಡೆಯ ಬುಡದಲ್ಲಿ ಹುಡುಗಿಯರನ್ನು ಕೂಡಿಸಬೇಡಿ. ನೀವೂ ಕೂಡಬೇಡಿ. ನನಗೆ ನಿದ್ದೆ ಬರುತ್ತಿಲ್ಲ.

ಇದರ ಜೊತೆ ಒಂದು ಸಾಗವಾನಿಯ ಬೆಣೆ ಕಳಿಸಿದ್ದೇನೆ. ಗೋಡೆಯನ್ನು ನೆಟ್ಟಗೆ ಕಟ್ಟಿದ ಮೇಲೆ ಗಡಿಯಾರವನ್ನು ಬಲಕ್ಕೆ ವಾಲಿಸಿ, ಕೆಳಗಿನ ಮಗ್ಗುಲಿಗೆ ಇದನ್ನು ಕೊಡಿ. ಕಂಬದ ಓರೆಗೆ ಸರಿಯಾಗಿ ಕೊರೆದಿದ್ದೇನೆ. ಹುಸೇನಸಾಬರಿಗೆ ಇನ್ನೂ ಹೇಳಿಲ್ಲ.

ನಿಮ್ಮ
ವಜೀರ


ಮಳಗಿ
೬ ಆಗಸ್ಟ್ ೧೯೩೮

ಚಿ. ವಜೀರನಿಗೆ ದುವಾ.

ನಿನ್ನೆ ದಿಪೋಟಿ ಸಾಹೇಬರು ಬಂದು ಹೋದರು. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಿನ್ನ ಗಡಿಯಾರ ಸೊಟ್ಟ ಹಾಕಿದರೆ ಮಾತ್ರ ಓಡುತ್ತದೆ, ಮೊದಲ ದಿನದಿಂದ ಹಾಗೆಯೇ ಓಡಿಸಿದ್ದೇನೆ. ನಿನ್ನ ಬೆಂಚಿಗಾಗಿ ಬಾಯಿ ಮುಚ್ಚಿಕೊಂಡಿದ್ದೆ. ಬೈಯುವುದಿದ್ದರೆ ಪತ್ರ ಪೂರ್ತಿ ಓದಿ ಬೈ.

ಸಾಹೇಬರು ಒಳ್ಳೆಯವರು, ಆದರೆ ಅಚ್ಚುಕಟ್ಟಿನ ಮನುಷ್ಯ. ಒಳಗೆ ಬಂದವರೇ ಗೋಡೆ ನೋಡಿದರು, "ಏನಿದು, ಗಡಿಯಾರ ಸೊಟ್ಟ ಆಗೇದ" ಎಂದರು, ನಾನು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ಕೆಳಗಿನ ಮೊಳೆಯಿಂದ ಬಿಡಿಸಿ ನೆಟ್ಟಗೆ ಮಾಡಿದರು. ಆಗ ಹತ್ತೂಕಾಲು. ಸ್ವಲ್ಪ ಹೊತ್ತು ಕುಂಟಿತು, ನಿಂತಿತು. ಹುಡುಗಿಯರೆಲ್ಲ ನನ್ನ ಕಡೆ ನೋಡಿದರು. ನಾನು ಮಾಡಿನ ಹಂಚು ನೋಡಿದೆ. ಸಾಹೇಬರು ಮಾಡಿದ್ದು ತಪ್ಪೆಂದರೆ ವರ್ಗಕ್ಕೇ ಕುತ್ತು ಬಂದೀತೆಂದು ಅಂಜಿದೆ.

ಸಾಹೇಬರು ಕರಿಹಲಗೆಯ ಮೇಲೆ ದುಂಡನೆಯ ಗಡಿಯಾರ ಬರೆದು ಮುಳ್ಳು ಹಾಕಿ, ಮುದಕವ್ವನನ್ನು ಎಬ್ಬಿಸಿದರು. "ಎಷ್ಟು ಗಂಟಿ ಆಗೇದ ಹೇಳು." ಮುದಕವ್ವ ಧೈರ್ಯವಾಗಿ ನಿಂತು, ಕೈ ಕಟ್ಟಿ, ತಲೆಯನ್ನು ಬಲ ಭುಜಕ್ಕೆ ವಾಲಿಸಿದಳು. ಅವಳ ಹಿಂದೆ ವರ್ಗಕ್ಕೆ ವರ್ಗವೇ ವಾಲಿತು. ಗಾಳಿಗೆ ಬತ್ತದ ಗದ್ದೆ ಬಾಗಿದ ಹಾಗೆ.

"ನಾಕ ಗಂಟೇರಿ" ಎಂದಳು. ಉತ್ತರ ಸರಿಯಾಗಿತ್ತು. ಸಾಹೇಬರು ಉತ್ತರ ಕೇಳುವ ಸ್ಥಿತಿಯಲ್ಲಿರಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಅಕ್ಕೋರ, ಈ ಊರಾಗ ಹುಡುಗ್ಯಾರಿಗೆ ಕುತ್ತಿಗಿ ಬ್ಯಾನಿ ಅದ ಏನು?"

ಅಡಿವೆಯ್ಯ ಮಾಸ್ತರರು ನಗು ತಡೆಯಲಾರದೆ ಹೊರಗೆ ಹೋಗಿ ಕೆಮ್ಮಿದರು. "ಇಲ್ರಿ, ರೂಢಿ" ಎಂದಷ್ಟೇ ನಾನು ಹೇಳಿದೆ. ಸಾಹೇಬರು ಲೆಕ್ಕ ಕೇಳಿದರು, ಓದಿಸಿದರು, ಬರೆಸಿದರು. ಅವರ ಕಿಸೆಗಡಿಯಾರ ಮುಂಡಗೋಡದ ಬಂಗಲೆಯಲ್ಲೇ ಉಳಿದಿತ್ತಂತೆ. ಆಗಾಗ ಗೋಡೆ ನೋಡಿ "ಇನ್ನೂ ಭಾಳ ಹೊತ್ತದ" ಎನ್ನುತ್ತಿದ್ದರು. ನನ್ನ ಅಂದಾಜಿಗೆ ಹನ್ನೊಂದು ಎಂದೋ ದಾಟಿತ್ತು.

ಆಗ ಬಾಗಿಲಲ್ಲಿ ಕಾಶೆವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ಅಕ್ಕೋರ, ಬುತ್ತಿ ಕಟ್ಟಿ ಇಟ್ಟು ಎಷ್ಟೊತ್ತಾತು! ಕೊಟ್ಟ ಮಾತು ಎಲ್ಲಿ ಹೋತು?"

ಸಾಹೇಬರು ಎದ್ದು ನಿಂತು, "ಸಿಟ್ಟಾಗಬ್ಯಾಡ್ರಿ ತಾಯಿ. ಇನ್ನೂ ಹತ್ತೂಕಾಲು ಆಗೇದ. ಗಡಿಯಾರ ನೋಡ್ರಿ" ಎಂದರು.

ಕಾಶೆವ್ವ ಗೋಡೆ ನೋಡಿದಳು. "ಇದನ್ನ ಯಾರು ನೆಟ್ಟಗ ಮಾಡಿದ್ರು?"

"ನಾನಽ ಮಾಡೇನಿ. ಸೊಟ್ಟ ಇತ್ತು."

"ಸೊಟ್ಟ ಇದ್ರಽ ಓಡತೈತ್ರಿ ಅದು. ನೆಟ್ಟಗ ಮಾಡಿದ್ರ ನಿಂದರತೈತಿ. ಊರಿಗೆ ಊರಽ ಬಲ್ಲದ್ದು ನಿಮಗ ಗೊತ್ತಿಲ್ಲೇನು?" ಎನ್ನುತ್ತ ನೇರ ಒಳಗೆ ಬಂದು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಗಡಿಯಾರವನ್ನು ಒಂದೇ ಬೆರಳಿನಿಂದ ಬಲಕ್ಕೆ ನೂಕಿ, ಮೊಳೆಗೆ ಆನಿಸಿ, ಲೋಲಕ ತಟ್ಟಿದಳು. ಟಿಕ್ ಟಕ್, ಟಿಕ್ ಟಕ್.

ಸಾಹೇಬರು ನಗಲಿಲ್ಲ. "ನಿಮಗ ಗಡಿಯಾರ ನೋಡಲಿಕ್ಕೆ ಬರ್ತದೇನು?" ಎಂದು ಕೇಳಿದರು.

ಕಾಶೆವ್ವ ನಾಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ನಮ್ಮ ಮುದಕವ್ವ ಕಲಿಸ್ಯಾಳ್ರಿ. ದಿನಾ ಬುತ್ತಿ ಕಟ್ಟಿಟ್ಟು ಬಂದು ಈ ಕಿಡಕಿ ಹಿಂದ ನಿಂದರತೇನಿ. ಸಣ್ಣ ಮುಳ್ಳು ಹನ್ನೊಂದಕ್ಕ ಬರೂತನಕಾ ಒಳಗ ಏನ ಹೇಳತಾರ ಅದನ್ನೂ ಕೇಳತೇನಿ. ಇವತ್ತ ನೀವು ಬಂದೀರಂತ ನಿಂದರಲಿಲ್ಲ. ತಪ್ಪಾತೇನ್ರಿ?"

ನಾನು ಗೋಡೆಯ ಈಚೆ ನಿಂತು ಅವಳಿಗೆ ಅಂಜುತ್ತಿದ್ದೆ, ವಜೀರ. ಅವಳು ಗೋಡೆಯ ಆಚೆ ನಿಂತು ಕಲಿಯುತ್ತಿದ್ದಳು.

ಸಾಹೇಬರು ಹಲಗೆಯ ಮೇಲಿನ ಮುಳ್ಳು ಅಳಿಸಿ ಬೇರೆ ಬರೆದರು. ಕಾಶೆವ್ವ ಬಲಕ್ಕೆ ಕುತ್ತಿಗೆ ವಾಲಿಸಿ, "ಎರಡೂವರಿ" ಎಂದಳು. ಹುಡುಗಿಯರೆಲ್ಲ ಚಪ್ಪಾಳೆ ಹೊಡೆದರು. ಸಾಹೇಬರು ಮೊದಲು ಹುಡುಗಿಯರನ್ನು ಬುತ್ತಿಗೆ ಬಿಡಿಸಿ, ಆಮೇಲೆ ಕೂತು ತಪಾಸಣೆಯ ಪುಸ್ತಕದಲ್ಲಿ ಶೇರಾ ಬರೆದರು: "ಹುಡುಗಿಯರ ವರ್ಗವನ್ನು ಮುಂದುವರಿಸತಕ್ಕದ್ದು. ಗಡಿಯಾರವನ್ನು ಯಾರೂ ನೆಟ್ಟಗೆ ಮಾಡತಕ್ಕದ್ದಲ್ಲ." ಹೊರಡುವಾಗ ಬಾಗಿಲಲ್ಲಿ ನಿಂತು ಗಡಿಯಾರದ ಕಡೆ ಇನ್ನೊಮ್ಮೆ ತಿರುಗಿ ನೋಡಿದರು. ತಲೆ ಬಲಕ್ಕೆ ವಾಲಿತ್ತು.

ನಾನು ಮಳಗಿಯಲ್ಲೇ ಉಳಿದೆ. ಇನ್ನು ನೀನು ಹುಸೇನಸಾಬರಿಗೆ ನಿಜ ಹೇಳು. ನನ್ನ ಸುಳ್ಳಿನ ಮೇಲೆ ನಿನ್ನ ಬೆಂಚು ನಿಲ್ಲುವುದು ಬೇಡ.

ನಿನ್ನ
ಸಿರಾಜು ಆಪಾ


ದಾಂಡೇಲಿ
೧೫ ಆಗಸ್ಟ್ ೧೯೩೮

ಆಪಾ ಅವರಿಗೆ ವಜೀರನ ಸಲಾಂ.

ನಮ್ಮಿಬ್ಬರ ಪತ್ರಗಳು ದಾರಿಯಲ್ಲೇ ಒಂದನ್ನೊಂದು ದಾಟಿ ಹೋಗಿವೆ. ನಾನು ಇಲ್ಲಿ ಮಳಗಿಯ ಗೋಡೆ ಯಾವ ಗಳಿಗೆಗೆ ಬೀಳುತ್ತದೋ ಎಂದು ಅನ್ನ ಬಿಟ್ಟಿದ್ದೆ. ನೀವು ಅಲ್ಲಿ ದಿಪೋಟಿಯವರ ಕುತ್ತಿಗೆ ವಾಲಿಸುತ್ತಿದ್ದಿರಿ! ಎರಡು ದಿನ ಸಿಟ್ಟು ಮಾಡಬೇಕೆಂದಿದ್ದೆ. ಕಾಶೆವ್ವನ ಮಾತಿಗೆ ಬರುವಷ್ಟರಲ್ಲಿ ಸಿಟ್ಟು ಮುಗಿಯಿತು.

ಹುಸೇನಸಾಬರಿಗೆ ಎಲ್ಲ ಹೇಳಿದೆ. ಬಾಯಲ್ಲಿದ್ದ ಎಲೆ ಅಡಿಕೆ ಹೊರಗೆ ಬರುವಂತೆ ನಕ್ಕರು. ಆಮೇಲೆ ನನ್ನ ದಾರ ನಟ್ಟು ಇಸಿದುಕೊಂಡು ಹಳೆಯ ಶೆಡ್ಡಿನ ಒಂದೊಂದು ಕಂಬಕ್ಕೂ ಇಳಿಬಿಟ್ಟು ನೋಡಿದರು. ನಗು ನಿಂತಿತು. ಇನ್ನೊಂದು ಮಳೆಗಾಲ ತಾಳುತ್ತಿರಲಿಲ್ಲವಂತೆ. ಈಗ ಆ ಶೆಡ್ಡು ಖಾಲಿ ಮಾಡಿಸಿ ಕಂಬ ಎತ್ತಿ ಕಟ್ಟಿಸುತ್ತಿದ್ದಾರೆ. ನನ್ನ ಬೆಂಚು ಹೋಯಿತೇ ಎಂದು ಕೇಳಿದ್ದಕ್ಕೆ, "ಸೊಟ್ಟ ಕಂಬದ ಮ್ಯಾಲೆ ಗಡಿಯಾರ ಓಡಿಸಿದಾಂವ ನೆಟ್ಟನ್ನ ಗ್ವಾಡಿ ಮ್ಯಾಲೆ ಓಡಸೂದಿಲ್ಲೇನು? ಕುಂಡರು" ಎಂದರು. ಬಾಬುರವರ ಗೋಡೆಗೆ ಮಾತ್ರ ನಾನು ಕ್ಷಮೆ ಕೇಳಬೇಕಾಯಿತು.

ಮುಂದಿನ ಸೂಟಿಗೆ ಮಳಗಿಗೆ ಬಂದು ಆ ಕಡ್ಡಿ ಬಗ್ಗಿಸಿಕೊಡುತ್ತೇನೆ. ಗಡಿಯಾರ ನೆಟ್ಟಗೆ ನಿಂತು ಓಡುತ್ತದೆ. ಬರಲೇ?

ನಿಮ್ಮ
ವಜೀರ


ಮಳಗಿ
೨೪ ಆಗಸ್ಟ್ ೧೯೩೮

ಚಿ. ವಜೀರನಿಗೆ ದುವಾ.

ಬಾ. ಆದರೆ ಗಡಿಯಾರ ಮುಟ್ಟಬೇಡ. ಸಾಹೇಬರ ಹುಕುಮು ಇದೆ. ಹುಡುಗಿಯರಿಗೆ ಹಲಗೆಯ ಮೇಲೆ ಬರೆದು ನೆಟ್ಟಗಿನ ಗಡಿಯಾರವನ್ನೂ ಕಲಿಸಿದ್ದೇನೆ. ಈಗ ಅವರು ಹೇಗೆ ಹಿಡಿದರೂ ಓದುತ್ತಾರೆ.

ನಿನ್ನ ಬೆಣೆ ಕೆಲಸಕ್ಕೆ ಬಂತು. ಕಾಶೆವ್ವನನ್ನು ಕಿಡಕಿಯ ಹಿಂದಿನಿಂದ ಒಳಗೆ ಕರೆದಿದ್ದೇನೆ. ಅವಳಿಗೆ ಕೊಟ್ಟ ಬೆಂಚಿನ ಒಂದು ಕಾಲು ಗಿಡ್ಡವಿತ್ತು, ಅದರ ಕೆಳಗೆ ಕೊಟ್ಟೆ. ಈಗ ಅಲುಗುವುದಿಲ್ಲ. ನಿನಗೊಂದು ಬೆಂಚು ಸಿಕ್ಕಿತು, ಅವಳಿಗೊಂದು.

ಹನ್ನೊಂದಾದರೆ ಅವಳೇ ಎದ್ದು "ಬಿಡ್ರಿ ಅಕ್ಕೋರ, ಹೊತ್ತಾತು" ಎನ್ನುತ್ತಾಳೆ. ನಿನ್ನೆ ಕಳೆಯುವ ಲೆಕ್ಕ ಹೇಳುತ್ತಿದ್ದೆ. ಹನ್ನೊಂದಾಯಿತು, ಅವಳು ಏಳಲಿಲ್ಲ. ನಾನೇ ನೆನಪು ಮಾಡಿದೆ. ಕಾಶೆವ್ವ ಹಲಗೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಈ ಲೆಕ್ಕ ಮುಗೀಲ್ರಿ. ಬುತ್ತಿ ಒಂದೀಟು ತಡ ಆದ್ರ ಯಾರೂ ಸಾಯೂದಿಲ್ಲ."

ನಿನ್ನ
ಸಿರಾಜು ಆಪಾ